ಮೆನುವಿನಲ್ಲಿ ಬರೆದದ್ದು, ತಟ್ಟೆಗೆ ಬಂದದ್ದು: ಸ್ಲೊವೇನಿಯಾದ ಹೋಟೆಲ್ ಶಾಲೆಯೊಂದರ ಎಕ್ಸ್‌ಚೇಂಜ್

ಯಾವ ಹೋಟೆಲಿಗೆ ಹೋದರೂ ನಾನು ಮೆನು ಕಾರ್ಡನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ. ಬೆಲೆ ನೋಡುವುದಕ್ಕಲ್ಲ. ಬರೆದದ್ದೇನು, ಬಂದದ್ದೇನು ಎಂದು ತಾಳೆ ಹಾಕುವ ಚಟ. ಮಂಗಳೂರಿನ ಒಂದು ಬಿ.ಎಚ್.ಎಂ. (ಹೋಟೆಲ್ ಮ್ಯಾನೇಜ್‌ಮೆಂಟ್ ಪದವಿ) ಕಾಲೇಜಿನಲ್ಲಿ 19 ವರ್ಷದಿಂದ ಫುಡ್ ಪ್ರೊಡಕ್ಷನ್ ಮತ್ತು ಬೇಕರಿ ಪಾಠ ಮಾಡುವವಳಿಗೆ ಈ ಚಟ ಬರದೆ ಇನ್ನೇನು ಬರುತ್ತದೆ?

ಕಳೆದ ಅಕ್ಟೋಬರಿನಲ್ಲಿ ಸ್ಲೊವೇನಿಯಾದ ಒಂದು ಹೋಟೆಲ್-ಟೂರಿಸಂ ವೃತ್ತಿ ಕಾಲೇಜಿಗೆ ಎರಡು ವಾರದ ಸ್ಟಾಫ್ ಎಕ್ಸ್‌ಚೇಂಜ್ ಮೇಲೆ ಹೋಗಿದ್ದೆ. ಆಗಲೂ ಇದನ್ನೇ ಮಾಡಿದೆ. ಎರಾಸ್ಮಸ್ ಎಂದರೆ ಯುರೋಪಿಯನ್ ಯೂನಿಯನ್ನಿನ ಎಕ್ಸ್‌ಚೇಂಜ್ ಯೋಜನೆ. ಅದರ ಚಾರ್ಟರ್ ಪಡೆದ ಕಾಲೇಜುಗಳು 'ನಾವು ಯಾಕೆ ವಿದ್ಯಾರ್ಥಿಗಳನ್ನೂ ಸಿಬ್ಬಂದಿಯನ್ನೂ ಹೊರಗೆ ಕಳಿಸುತ್ತೇವೆ, ಯಾರನ್ನು ಕರೆಸಿಕೊಳ್ಳುತ್ತೇವೆ, ಹೇಗೆ ನೋಡಿಕೊಳ್ಳುತ್ತೇವೆ' ಎಂದು ಬರೆದು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಆ ಕಾಗದವನ್ನು ಪ್ರಿಂಟ್ ತೆಗೆದು, ಚೆಫ್ ಕೋಟಿನ ಜೇಬಿನಲ್ಲಿ ಪೆನ್ಸಿಲ್ ಜೊತೆ ಇಟ್ಟುಕೊಂಡು ಹೋದೆ. ಅದೇ ನನ್ನ ಮೆನು ಕಾರ್ಡ್. ಈ ಬರಹ ಅದರ ವಿಮರ್ಶೆ. ಕೆಲವು ದೂರುಗಳೂ ಇರುವುದರಿಂದ ಕಾಲೇಜಿನ ಹೆಸರು, ಊರಿನ ಹೆಸರು ಬೇಡ.

ಸ್ಲೊವೇನಿಯಾ ಎಂದರೆ ನಮ್ಮ ಉತ್ತರ ಕನ್ನಡ ಮತ್ತು ಶಿವಮೊಗ್ಗ ಜಿಲ್ಲೆ ಎರಡನ್ನೂ ಸೇರಿಸಿ, ಮೇಲೊಂದಿಷ್ಟು ಕೊಸರು ಹಾಕಿದರೆ ಆಗುವಷ್ಟು ದೇಶ. ಜನ ಸುಮಾರು 21 ಲಕ್ಷ. ಒಂದು ಕಡೆ ಇಟಲಿ, ಇನ್ನೊಂದು ಕಡೆ ಆಸ್ಟ್ರಿಯಾ. ಅಡುಗೆ ಕಲಿತ ಹುಡುಗರು ಗಡಿ ದಾಟಿ ಆಸ್ಟ್ರಿಯಾಕ್ಕೆ ಕೆಲಸಕ್ಕೆ ಹೋಗುತ್ತಾರೆ, ಅಲ್ಲಿ ಸಂಬಳ ಜಾಸ್ತಿ. ಹೀಗಾಗಿ ಇಲ್ಲಿನ ಹೋಟೆಲ್ ಶಾಲೆಗೆ ಎಕ್ಸ್‌ಚೇಂಜ್ ಎನ್ನುವುದು ಶೋಕಿಯಲ್ಲ. ಹೇಗೂ ಹೋಗುವ ಮಕ್ಕಳು ಏನಾದರೂ ಕಲಿತು ವಾಪಸ್ ಬರಲಿ ಎನ್ನುವ ಲೆಕ್ಕಾಚಾರ. ಕರಾವಳಿಯವಳಾದ ನನಗೆ ಇದು ತಕ್ಷಣ ಅರ್ಥವಾಯಿತು. ನಮ್ಮ ಕಡೆ ಪ್ರತಿ ಮನೆಯಿಂದ ಒಬ್ಬರಾದರೂ ಮುಂಬಯಿಗೋ ಗಲ್ಫಿಗೋ ಹಡಗಿಗೋ ಹೋದವರೇ.

ಇನ್ನು ಹಣದ ವಿಷಯ. ಎಲ್ಲರೂ ಮೊದಲು ಕೇಳುವುದು ಅದನ್ನೇ. ಎರಾಸ್ಮಸ್ ಶುರುವಾದದ್ದು 1987ರಲ್ಲಿ. ಈಗಿನ ಸುತ್ತು 2021ರಿಂದ 2027ರವರೆಗೆ, ಮೊತ್ತ ಸುಮಾರು 2600 ಕೋಟಿ ಯೂರೋ. ಅದರಲ್ಲಿ ಭಾರತದಂಥ ದೇಶಗಳ ಕಾಲೇಜುಗಳ ಜೊತೆ ಕೊಡು-ಕೊಳ್ಳುವುದಕ್ಕೆ ಬೇರೆಯೇ ಒಂದು ಖಾತೆ ಇದೆ. ಅರ್ಜಿ ನಾವು ಹಾಕುವಂತಿಲ್ಲ. ಅಲ್ಲಿನ ಕಾಲೇಜೇ ತನ್ನ ದೇಶದ ಏಜೆನ್ಸಿಗೆ ಹಾಕಬೇಕು. ನಾವು ಮಾಡುವುದು ಅವರ ಜೊತೆ ಒಂದು ಒಪ್ಪಂದಕ್ಕೆ ಸಹಿ ಹಾಕುವ ಕೆಲಸ. ಅಂದರೆ ಮದುವೆ ಖರ್ಚೆಲ್ಲ ಗಂಡಿನ ಕಡೆಯದು. ನಮ್ಮ ಪ್ರಿನ್ಸಿಪಾಲರು ಸಹಿ ಹಾಕುವುದಕ್ಕೆ ಐದು ತಿಂಗಳು ತೆಗೆದುಕೊಂಡರು, ಅದು ಬೇರೆ ಕಥೆ.

ವಿದ್ಯಾರ್ಥಿಗೆ ತಿಂಗಳಿಗೆ 800ರಿಂದ 900 ಯೂರೋ ಸಿಗುತ್ತದೆ. ಸ್ಟಾಫಿಗೆ ದಿನದ ಲೆಕ್ಕ. ಪ್ರಯಾಣದ ಹಣ ಊರಿನಿಂದ ಊರಿಗೆ ಕಾಗೆ ಹಾರಿದ ದೂರದ ಮೇಲೆ. ನಾವು ಬರುವುದು 4000ದಿಂದ 7999 ಕಿಲೋಮೀಟರ್ ಪಟ್ಟಿಯಲ್ಲಿ. ಕಾಗೆ ನೇರ ಹಾರುತ್ತದೆ, ನಾನು ಮಂಗಳೂರಿನಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಿ, ಅಲ್ಲಿಂದ ಎರಡು ವಿಮಾನ ಬದಲಿಸಿ, ಮತ್ತೆ ಬಸ್ಸು ಹಿಡಿದೆ. ಆದರೂ ಟಿಕೆಟ್ಟಿನ ಹಣ ಸರಿಹೋಯಿತು. ಕಿರಿಕಿರಿ ಇದ್ದದ್ದು ಅದು ಯಾವಾಗ ಕೈಗೆ ಬರುತ್ತದೆ ಎನ್ನುವುದರಲ್ಲಿ. ನನಗೆ ಹಣ ಬಂದದ್ದು ಅಲ್ಲಿ ಇಳಿದ ನಾಲ್ಕನೇ ದಿನ. ಟಿಕೆಟ್, ವೀಸಾ, ಇನ್ಶೂರೆನ್ಸ್ ಎಲ್ಲವನ್ನೂ ಮೊದಲು ಕೈಯಿಂದ ಹಾಕಿಕೊಂಡೆ. ನನಗೆ ಸಂಬಳ ಬರುತ್ತದೆ, ತಡೆದುಕೊಂಡೆ. ನನಗಿಂತ ಮೊದಲು, ಅಲ್ಲಿನ ಬೇಸಿಗೆಯಲ್ಲಿ ಹೋದ ನಮ್ಮ ಇಬ್ಬರು ವಿದ್ಯಾರ್ಥಿಗಳಲ್ಲಿ ಒಬ್ಬರ ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದಿದ್ದರು. ನನ್ನ ಪ್ರಿಂಟಿನಲ್ಲಿ 'ಬಡ ಕುಟುಂಬದ ವಿದ್ಯಾರ್ಥಿಗಳಿಗೂ ಸಮಾನ ಅವಕಾಶ' ಎನ್ನುವ ಸಾಲಿನ ಪಕ್ಕ ಮೊದಲ ಪ್ರಶ್ನಾರ್ಥಕ ಚಿಹ್ನೆ ಬಿದ್ದದ್ದು ಇಲ್ಲಿ.

ಹೊರಡುವ ಹಿಂದಿನ ದಿನ ಕುಂದಾಪುರದಿಂದ ಅಮ್ಮ ಫೋನ್ ಮಾಡಿದರು. "ನೀರ್ದೋಸೆ ಹೊಯ್ಯುಕೆ ಅಷ್ಟ್ ದೂರ ಹೋಯ್ಕಾ ಹೆಣೆ?"

ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ನಾನು ಹೋದದ್ದು ನೀರ್ದೋಸೆ ಹೊಯ್ಯುವುದಕ್ಕೇ. ಬರೀ ಪಾಠಕ್ಕೆ ಹೋದರೆ ವಾರಕ್ಕೆ ಕನಿಷ್ಠ 8 ಗಂಟೆ ಪಾಠ ಮಾಡಬೇಕು. ಪಾಠದ ಜೊತೆ ನಾವೂ ಕಲಿಯುವುದಿದ್ದರೆ 4 ಗಂಟೆ ಸಾಕು. ನನ್ನದು ಎರಡನೆಯ ಥರ. ಎರಡು ವಾರಕ್ಕೆ 8 ಗಂಟೆ ಎಂದು ಕಾಗದದಲ್ಲಿತ್ತು, ಕೊನೆಗೆ ಆದದ್ದು 11. ಯಾರೂ ಬಲವಂತ ಮಾಡಲಿಲ್ಲ. ದೋಸೆ ಸರಿ ಬರಲಿಲ್ಲ, ಅದಕ್ಕೇ ಜಾಸ್ತಿಯಾಯಿತು.

ಏನೇನು ಒಯ್ಯಬಹುದು ಎನ್ನುವುದೇ ಒಂದು ಪಾಠ. ಹಾಲಿನ ಪದಾರ್ಥ, ಮಾಂಸ ಯುರೋಪಿನೊಳಗೆ ನಮ್ಮ ಬ್ಯಾಗಿನಲ್ಲಿ ಹೋಗುವಂತಿಲ್ಲ. ಹಾಗಾಗಿ ತುಪ್ಪ ಮನೆಯಲ್ಲೇ ಉಳಿಯಿತು. ತೆಂಗಿನಕಾಯಿಗೆ, ಬಾಳೆಹಣ್ಣಿಗೆ ಗಿಡದ ಆರೋಗ್ಯದ ಸರ್ಟಿಫಿಕೇಟ್ ಬೇಡ. ಕರಿಬೇವಿಗೆ ಮಾತ್ರ ಬೇಕೇ ಬೇಕು. ತೆಂಗಿನಕಾಯಿ ಒಯ್ಯಬಹುದು, ಕರಿಬೇವು ಕೂಡದು! ಈ ನಿಯಮ ಬರೆದವರು ಒಂದು ದಿನವೂ ಒಗ್ಗರಣೆ ಹಾಕಿದವರಲ್ಲ ಎಂದುಕೊಂಡೆ. ಅವರ ಭಯ ಗಿಡದ ರೋಗ-ಕೀಟಗಳದ್ದು, ಅದು ನಂತರ ತಿಳಿಯಿತು. ಬ್ಯಾಡಗಿ ಮೆಣಸು, ಕೊತ್ತಂಬರಿ ಬೀಜ, ಬೆಲ್ಲ, ಇಂಗು, ಒಣಗಿಸಿದ ಪುನರ್ಪುಳಿ ಸಿಪ್ಪೆ, ಎರಡು ತೆಂಗಿನಕಾಯಿ. ಇಷ್ಟು ಹೋಯಿತು.

ಅಕ್ಕಿ ಅಲ್ಲೇ ಸಿಗುತ್ತದಲ್ಲ ಎಂದು ಬಿಟ್ಟೆ. ಅದೇ ತಪ್ಪಾಯಿತು. ಸ್ಟೋರಿನಲ್ಲಿ ಇದ್ದದ್ದು ಇಟಲಿಯ ರಿಸೊಟ್ಟೊ ಅಕ್ಕಿ. ಗುಂಡಗೆ, ಮುದ್ದಾಗಿ, ಮೈತುಂಬ ಅಂಟು. ರಾತ್ರಿ ನೆನೆಸಿ, ಬೆಳಿಗ್ಗೆ ರುಬ್ಬಿ, ನೀರಿನಷ್ಟು ತೆಳ್ಳಗೆ ಮಾಡಿ 18 ಮಕ್ಕಳ ಎದುರು ಹೊಯ್ದೆ. ಮೊದಲನೆಯದು ಕಾವಲಿಗೆ ಅಂಟಿತು. ಎರಡನೆಯದು ಹರಿಯಿತು. ಮೂರನೆಯದೂ ಹರಿಯಿತು. 19 ವರ್ಷದ ಅನುಭವ, ಮೇಲೆ ಕುಂದಾಪುರದ ಹೆಣ್ಣುಮಗಳು! ಅಮ್ಮ ಅಲ್ಲಿರಲಿಲ್ಲ, ಪುಣ್ಯ. ಆಮೇಲೆ ಯಾರೋ ಬಾಸ್ಮತಿ ತಂದರು. ಅರ್ಧ ಅದು, ಅರ್ಧ ಇದು ಹಾಕಿ ಮಾರನೆಯ ದಿನ ಮತ್ತೆ ಹೊಯ್ದೆವು. ಅವರ ಹತ್ತಿರ 'ಪಲಚಿಂಕೆ' ಎನ್ನುವ ತೆಳು ಸಿಹಿ ದೋಸೆಯ ಕಬ್ಬಿಣದ ಕಾವಲಿ ಇತ್ತು, ಚೆನ್ನಾಗಿ ಎಣ್ಣೆ ಕುಡಿದು ಕಪ್ಪಗಾದದ್ದು. ಅದರ ಮೇಲೆ ನೀರ್ದೋಸೆ ಜಾಲರಿಯಾಗಿ ಎದ್ದಿತು. ನಾನು ಮಡಚುವ ಮೊದಲೇ ಒಬ್ಬ ಹುಡುಗ ಅಭ್ಯಾಸಬಲದಿಂದ ಅದನ್ನು ಗಾಳಿಗೆ ಎಸೆದು ತಿರುವಿ ಹಾಕಿದ. ಇಡೀ ಕ್ಲಾಸು ನಕ್ಕಿತು. ಆಮೇಲೆ ಕ್ಲಾಸಿನಲ್ಲಿ ಯಾರೂ ನನಗೆ ಹೆದರಲಿಲ್ಲ.

ಅಂದಹಾಗೆ ಅಲ್ಲಿನ ಮಕ್ಕಳು ಮೇಷ್ಟ್ರನ್ನು ನೀವು ಎಂದೇ ಮಾತಾಡಿಸುತ್ತಾರೆ. ನಮ್ಮ ಹಾಗೆ ನೀನು-ನೀವು ಎರಡೂ ಅವರ ಭಾಷೆಯಲ್ಲಿವೆ. ಟೀಚರಮ್ಮನಿಗೆ 'ಪ್ರೊಫೆಸೊರಿತ್ಸಾ' ಎನ್ನುತ್ತಾರೆ. ಪಿ.ಎಚ್‌ಡಿ. ಇಲ್ಲದೆ ಎರಡು ವಾರ ಪ್ರೊಫೆಸರ್ ಆಗಿದ್ದೆ.

ಅತಿಥಿ ಟೀಚರ್ ಎಂದು ನನ್ನನ್ನು ಸುಮ್ನೆ ಹೊಗಳಿ ಕೂರಿಸಲಿಲ್ಲ. ಮೊದಲ ದಿನವೇ ಕಿಚನ್ ಮುಖ್ಯಸ್ಥರು ನನ್ನ ರೆಸಿಪಿ ಹಾಳೆ ತೆಗೆದುಕೊಂಡು ಅಲರ್ಜಿ ಪಟ್ಟಿ ಕೇಳಿದರು. ಯುರೋಪಿನಲ್ಲಿ 14 ಪದಾರ್ಥಗಳ ಪಟ್ಟಿ ಇದೆ. 2014ರ ಡಿಸೆಂಬರಿನಿಂದ ಹೋಟೆಲುಗಳಲ್ಲಿ, ಬಿಡಿಯಾಗಿ ಮಾರುವ ತಿಂಡಿಗೂ ಅವು ಇವೆಯೇ ಎಂದು ಹೇಳಲೇಬೇಕು. ಗೋಧಿ, ಹಾಲು, ಮೊಟ್ಟೆ, ಕಡಲೆಕಾಯಿ ನನಗೆ ಗೊತ್ತಿತ್ತು. ಎಳ್ಳು ಗೊತ್ತಿತ್ತು. ಸಾಸಿವೆಯೂ ಅದರಲ್ಲಿದೆ ಎಂಬುದನ್ನು ಪುಸ್ತಕದಲ್ಲಿ ಓದಿ, ಪರೀಕ್ಷೆಗೆ ಪ್ರಶ್ನೆಯಾಗಿಯೂ ಕೊಟ್ಟಿದ್ದೇನೆ. ಆದರೆ ನನ್ನ ಚಟ್ನಿಯ ಒಗ್ಗರಣೆಗೂ ಅದಕ್ಕೂ ಸಂಬಂಧ ಇದೆ ಎಂದು ಒಂದು ದಿನವೂ ತಲೆಗೆ ಬಂದಿರಲಿಲ್ಲ.

ಆಮೇಲೆ ಅವರು ಇಂಗಿನ ಡಬ್ಬಿ ಎತ್ತಿಕೊಂಡು, ಕನ್ನಡಕ ಹಾಕಿಕೊಂಡು, ಹಿಂದಿನ ಸಣ್ಣ ಅಕ್ಷರ ಓದಿದರು. "ಪ್ರೊಫೆಸೊರಿತ್ಸಾ, ಇದರಲ್ಲಿ ಗೋಧಿ ಹಿಟ್ಟು ಇದೆ."

ಹೌದು. ನಾವು ಅಂಗಡಿಯಲ್ಲಿ ಕೊಳ್ಳುವ ಪುಡಿ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿಯೋ ಮೈದಾವೋ ಸೇರಿರುತ್ತದೆ. 'ಪೂರ್ತಿ ಅಕ್ಕಿ ಅಡುಗೆ, ಗ್ಲುಟನ್ ಇಲ್ಲ' ಎಂದು ಹೆಮ್ಮೆಯಿಂದ ಬರೆದಿದ್ದ ಹಾಳೆಯನ್ನು ಅಲ್ಲೇ ತಿದ್ದಿದೆ. ಕ್ಲಾಸಿನಲ್ಲಿ ಗೋಧಿ ಆಗದ ಒಬ್ಬಳು ಹುಡುಗಿ ಇದ್ದಳು. 'ಪರಸ್ಪರ ಕಲಿಕೆ' ಎನ್ನುವ ಮಾತು ಇಂಥ ಕಾಗದಗಳಲ್ಲಿ ಎಲ್ಲ ಕಡೆ ಇರುತ್ತದೆ, ನಾನು ಅದನ್ನು ಕೊತ್ತಂಬರಿ ಸೊಪ್ಪಿನ ಅಲಂಕಾರ ಎಂದುಕೊಂಡಿದ್ದೆ. ಇಲ್ಲಿ ಅದಕ್ಕೆ ಟಿಕ್ ಹಾಕಿದೆ.

ನಾನು ಕಲಿತ ಇನ್ನೊಂದು ಅಡುಗೆಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. 'ಆಯ್ದೋವಿ ಜ್ಗಾಂತ್ಸಿ'. ಆಯ್ದಾ ಎಂದರೆ ಬಕ್‌ವೀಟ್, ನಮ್ಮಲ್ಲಿ ಉಪವಾಸಕ್ಕೆ ಬಳಸುವ ಕುಟ್ಟು. ಕುದಿಯುವ ಉಪ್ಪುನೀರಿಗೆ ಹಿಟ್ಟನ್ನು ಒಂದೇ ಸಲಕ್ಕೆ ಗುಡ್ಡೆಯಾಗಿ ಸುರಿಯುತ್ತಾರೆ. ಕಲಕುವುದಿಲ್ಲ. ಮರದ ಸೌಟಿನ ಹಿಡಿಯಿಂದ ಗುಡ್ಡೆಯ ನಡುವೆ ಒಂದು ತೂತು ಮಾಡಿ ಬೇಯಲು ಬಿಡುತ್ತಾರೆ. ನಾನು ಅಲ್ಲೇ ಕೈ ತಟ್ಟಿಬಿಟ್ಟೆ. ನನ್ನ ಯಜಮಾನರು ಮಂಡ್ಯದವರು. ಮದುವೆಯಾಗಿ ಹೋದ ಮೊದಲ ವಾರ ಅತ್ತೆ ನನಗೆ ಕಲಿಸಿದ್ದು ಇದನ್ನೇ, ರಾಗಿ ಹಿಟ್ಟು, ಕೋಲು, ಅದೇ ತೂತು. ಆದರೆ ಇವರು ಬೆಂದ ಮೇಲೆ ನೀರು ಬಸಿದು, ಮುದ್ದೆ ಕಟ್ಟದೆ, ಫೋರ್ಕಿನಿಂದ ಪುಡಿ ಮಾಡಿಬಿಡುತ್ತಾರೆ. ಮೇಲೆ ಹಂದಿ ಕೊಬ್ಬಿನ ಚೂರು ಹುರಿದು ಹಾಕುತ್ತಾರೆ, ಇಲ್ಲವೇ ಹುಳಿ ಹಾಲಿನ ಜೊತೆ ತಿನ್ನುತ್ತಾರೆ. ಅಷ್ಟು ಕಷ್ಟಪಟ್ಟು ಮಾಡಿ ಪುಡಿ ಮಾಡುವುದಾ! ನಾನು ಕೈ ಒದ್ದೆ ಮಾಡಿಕೊಂಡು ಅರ್ಧವನ್ನು ಉಂಡೆ ಕಟ್ಟಿ ತೋರಿಸಿದೆ. ಕಿಚನ್ ಮುಖ್ಯಸ್ಥರು ಫೋಟೋ ತೆಗೆದುಕೊಂಡರು. ನಾನು ಮಂಡ್ಯಕ್ಕೆ ಕಳಿಸಿದೆ. "ಸಾರು ಎಲ್ಲಿ?" ಎಂದು ಅತ್ತೆಯ ಉತ್ತರ ಬಂತು.

ಈಗ ಮಕ್ಕಳ ವಿಷಯ. ಈ ವಿಮರ್ಶೆ ಬರೆಯಲು ಕೂತದ್ದೇ ಅದಕ್ಕೆ.

ಅಲ್ಲಿನ ವೃತ್ತಿ ಕಾಲೇಜಿನ ಕೋರ್ಸು ಎರಡು ವರ್ಷದ್ದು. ಪ್ರತಿ ವರ್ಷ 400 ಗಂಟೆ ಹೋಟೆಲಿನಲ್ಲಿ ಕೆಲಸ ಮಾಡಬೇಕು, ಅಂದರೆ 10 ವಾರ. ಎರಾಸ್ಮಸ್‌ನಲ್ಲಿ ಕೆಲಸದ ತರಬೇತಿಗೆ ಹೊರದೇಶಕ್ಕೆ ಹೋಗಬೇಕಾದರೆ ಕನಿಷ್ಠ ಎರಡು ತಿಂಗಳಾಗಬೇಕು. 10 ವಾರಕ್ಕೆ 70 ದಿನ. ಸರಿಯಾಗಿ ಕೂರುತ್ತದೆ. ಹೀಗಾಗಿ ಹೊರಗೆ ಹೋಗುವ ಹುಡುಗನಿಗೆ ವರ್ಷ ಹಾಳಾಗುವುದಿಲ್ಲ, ಹೇಗೂ ಮಾಡಲೇಬೇಕಾದ ಕೆಲಸವನ್ನು ಬೇರೆ ದೇಶದಲ್ಲಿ ಮಾಡುತ್ತಾನೆ, ಅಷ್ಟೇ. ನಮ್ಮ ಇಬ್ಬರು ಮಕ್ಕಳನ್ನೂ ಬೇಸಿಗೆಯಲ್ಲಿ ಇದೇ 10 ವಾರದ ಅಚ್ಚಿಗೆ ಹಾಕಿ ಕರೆಸಿಕೊಂಡಿದ್ದರು. ಕಾರ್ಕಳದ ಹುಡುಗ ಒಂದು ಕೆರೆದಂಡೆಯ ಹೋಟೆಲಿಗೆ. ಶಿರಸಿ ಕಡೆಯ ಹುಡುಗಿ ಒಂದು ಟೂರಿಸ್ಟ್ ಫಾರ್ಮಿಗೆ. ಟೂರಿಸ್ಟ್ ಫಾರ್ಮ್ ಎಂದರೆ ನಮ್ಮ ಮಲೆನಾಡಿನ ಹೋಂಸ್ಟೇ ಇದ್ದ ಹಾಗೆ. ಹಸು, ಸೇಬಿನ ತೋಟ, ಜೇನುಪೆಟ್ಟಿಗೆ, ಮೇಲೆ ನಾಲ್ಕು ರೂಮು.

ಹೋಗುವ ಮೊದಲು ಮೂವರು ಸಹಿ ಹಾಕುವ ಒಂದು ಕಾಗದ ಇದೆ, ಲರ್ನಿಂಗ್ ಅಗ್ರಿಮೆಂಟ್. ವಿದ್ಯಾರ್ಥಿ, ಕಳಿಸುವ ಕಾಲೇಜು, ಕೆಲಸ ಕೊಡುವ ಜಾಗ. ವಾರಕ್ಕೆ ಎಷ್ಟು ಗಂಟೆ, ಯಾವ ವಾರ ಯಾವ ಸೆಕ್ಷನ್, ಏನು ಕಲಿಯಬೇಕು, ಯಾರು ನೋಡಿಕೊಳ್ಳುತ್ತಾರೆ, ಅಪಘಾತದ ಇನ್ಶೂರೆನ್ಸ್ ಯಾರದು, ಎಲ್ಲ ಅದರಲ್ಲಿ ಬರೆಯಬೇಕು. ನಮ್ಮ ಆಫೀಸಿನಲ್ಲಿ ಅದನ್ನು ತುಂಬುವಾಗ ನಾನೇ ಬೇಜಾರು ಪಟ್ಟಿದ್ದೆ. 'ಕಿಚನ್ ಟ್ರೇನಿಂಗ್' ಎಂದು ಒಂದು ಸಾಲು ಬರೆದು ಕಳಿಸಿದ್ದೆ. ಅಲ್ಲಿಂದ ವಾಪಸ್ ಬಂತು. ಮತ್ತೆ ಬರೆದೆ, ಮತ್ತೆ ವಾಪಸ್. ಮೂರನೆಯ ಸಲ ವಾರವಾರದ್ದೂ ಬಿಡಿಸಿ ಬರೆದೆ. ಮೊದಲ ಎರಡು ವಾರ ಕೋಲ್ಡ್ ಕಿಚನ್, ಆಮೇಲೆ ಮೂರು ವಾರ ಪೇಸ್ಟ್ರಿ, ಹೀಗೆ.

ಕಾರ್ಕಳದ ಹುಡುಗ ಹೋದದ್ದು ಸೀಸನ್ ಶುರುವಾಗುವ ಹೊತ್ತಿಗೆ. ಪಾತ್ರೆ ತೊಳೆಯುವ ಒಬ್ಬರು ಕೆಲಸ ಬಿಟ್ಟಿದ್ದರು. ನಮ್ಮ ಹುಡುಗ ಮೈಗಳ್ಳನಲ್ಲ, ಇಲ್ಲ ಎನ್ನಲು ಬಾರದವನು. ಮೊದಲ ದಿನ ಅವನನ್ನು ಸಿಂಕಿನ ಹತ್ತಿರ ನಿಲ್ಲಿಸಿದರು. ಎರಡನೆಯ ದಿನವೂ. ಮೂರನೆಯ ವಾರ ಮುಗಿಯುವಾಗಲೂ ಅಲ್ಲೇ ಇದ್ದ. ಮನೆಗೆ ಹೇಳಲಿಲ್ಲ, ನಮಗೂ ಹೇಳಲಿಲ್ಲ. ಚೆಫ್ ಜೊತೆ ತೆಗೆದ ಸೆಲ್ಫಿಯನ್ನು ಸ್ಟೇಟಸ್ಸಿಗೆ ಹಾಕುತ್ತಿದ್ದ.

ಇದು ನನಗೆ ಹೊಸದಲ್ಲ. ಏಜೆಂಟರಿಗೆ ಲಕ್ಷಗಟ್ಟಲೆ ಕೊಟ್ಟು 'ಇಂಟರ್ನ್‌ಶಿಪ್' ಎಂದು ಬೇರೆ ಬೇರೆ ದೇಶಕ್ಕೆ ಹೋದ ನಮ್ಮ ಹಳೆಯ ವಿದ್ಯಾರ್ಥಿಗಳು ಎಷ್ಟು ಜನ! ಒಬ್ಬ 11 ತಿಂಗಳು ಬರೀ ಹಾಸಿಗೆ ಬಟ್ಟೆ ಮಡಚಿ ಬಂದ. ಸರ್ಟಿಫಿಕೇಟಿನಲ್ಲಿ ಮಾತ್ರ ಕಿಚನ್ ಎಂದು ಬರೆದಿತ್ತು. ಅಲ್ಲಿ ಯಾರನ್ನು ಕೇಳುವುದು? ಏಜೆಂಟರ ಫೋನು ಹತ್ತುವುದಿಲ್ಲ.

ಇಲ್ಲಿ ಆದದ್ದು ಬೇರೆ. ಸ್ಲೊವೇನಿಯಾದ ಇಂಥ ಕಾಲೇಜುಗಳಲ್ಲಿ ಹೋಟೆಲ್ ತರಬೇತಿ ನೋಡಿಕೊಳ್ಳುವುದಕ್ಕೆ ಎಂದೇ ಒಂದು ಹುದ್ದೆ ಇದೆ. ಆ ಕೆಲಸ ಮಾಡುವ ಮೇಡಂ ನಾಲ್ಕನೆಯ ವಾರ ತನ್ನ ಕಾರಿನಲ್ಲಿ ಹೋಟೆಲಿಗೆ ಹೋದರು. ಹುಡುಗನ ಕೈ ನೋಡಿದರು. ಸೋಪಿನಲ್ಲಿ ನೆನೆದು ಬಿಳಿಚಿಕೊಂಡ ಬೆರಳು. ಏನೂ ಮಾತಾಡದೆ ಬ್ಯಾಗಿನಿಂದ ಆ ಅಗ್ರಿಮೆಂಟ್ ತೆಗೆದು, ಹೋಟೆಲಿನ ಚೆಫ್ ಎದುರು ಇಟ್ಟು, ಅವರದೇ ಸಹಿಯ ಮೇಲೆ ಬೆರಳಿಟ್ಟರಂತೆ. ಮಾರನೆಯ ದಿನದಿಂದ ಹುಡುಗ ಪೇಸ್ಟ್ರಿಯಲ್ಲಿ. ಇದನ್ನು ನನಗೆ ಹೇಳಿದ್ದು ಆ ಮೇಡಂ ಅಲ್ಲ, ಆ ಚೆಫ್ಫೇ. ಅಕ್ಟೋಬರಿನಲ್ಲಿ ನಾನು ಆ ಕಿಚನ್ ನೋಡಲು ಹೋದಾಗ ಸ್ವಲ್ಪ ನಾಚಿಕೊಂಡು ಹೇಳಿದರು. "ಸೀಸನ್ ಇತ್ತು, ಗೊತ್ತಲ್ಲ?" ಗೊತ್ತು. ನಮ್ಮಲ್ಲೂ ಡಿಸೆಂಬರ್ ಬಂದರೆ ಬ್ಯಾಂಕ್ವೆಟ್ಟಿಗೆ ಟ್ರೇನಿಗಳನ್ನು ಹೀಗೇ ತುಂಬುತ್ತಾರೆ.

ನಾನು ಎರಡು ಸಲ ಬೈದುಕೊಂಡು ತುಂಬಿದ ಕಾಗದ ಆ ಹುಡುಗನ ಪರವಾಗಿ ನಿಂತಿತು. 'ಕಿಚನ್ ಟ್ರೇನಿಂಗ್' ಎಂಬ ನನ್ನ ಮೊದಲ ಒಂದು ಸಾಲನ್ನೇ ಅವರು ಒಪ್ಪಿದ್ದರೆ? ಸಿಂಕ್ ಕೂಡ ಕಿಚನ್‌ನಲ್ಲೇ ಇದೆಯಲ್ಲ.

ಆದರೆ ನನ್ನ ನಿಜವಾದ ತಕರಾರು ನಮ್ಮ ಕಾಲೇಜಿನ ಮೇಲೆ. ಸ್ಲೊವೇನಿಯಾದ ಆ ಶಾಲೆಯಲ್ಲಿ ಒಂದು ರೂಢಿ ಇದೆ. ತಮ್ಮ ಸ್ಟಾಫಿನಲ್ಲಿ ಒಬ್ಬರಾದರೂ ಹೋಗಿ ಕಣ್ಣಾರೆ ನೋಡಿ ಬರದ ಜಾಗಕ್ಕೆ ತಮ್ಮ ವಿದ್ಯಾರ್ಥಿಯನ್ನು ಕಳಿಸುವುದಿಲ್ಲ. ಮೊದಲು ಟೀಚರ್, ಆಮೇಲೆ ಮಕ್ಕಳು. ಟೀಚರ್ ಹೋಗಿ ಮೂರು ದಿನ ಆ ಕಿಚನ್‌ನಲ್ಲಿ ನಿಂತು, ಯಾರು ಕಲಿಸುವವರು, ಯಾರು ಬರೀ ಕಿರುಚುವವರು, ಮಕ್ಕಳು ಮಲಗುವ ರೂಮು ಹೇಗಿದೆ ಎಂದು ನೋಡಿಕೊಂಡು ಬರುತ್ತಾರೆ. ಇದು ನನ್ನ ಜೇಬಿನಲ್ಲಿದ್ದ ಅವರ ಪಾಲಿಸಿ ಕಾಗದದಲ್ಲಿ ಒಂದೇ ಒಂದು ಸಾಲು, ಅದೂ ಎರಡನೆಯ ಪುಟದ ಕೆಳಗೆ. ನನ್ನ ಪ್ರಕಾರ ಉಳಿದ ಪುಟಗಳನ್ನು ಹರಿದು ಹಾಕಿ ಇದೊಂದನ್ನು ಉಳಿಸಿಕೊಂಡರೂ ನಡೆಯುತ್ತದೆ.

ನಾವು ಮಾಡಿದ್ದು ಉಲ್ಟಾ. ಮಕ್ಕಳು ಜೂನ್‌ನಲ್ಲಿ ಹೋದರು, ನಾನು ಅಕ್ಟೋಬರಿನಲ್ಲಿ. ಯಾಕೆ? ಯುರೋಪಿನಲ್ಲಿ ನಿಂತ ಇಬ್ಬರು ವಿದ್ಯಾರ್ಥಿಗಳ ಫೋಟೋ ಅಡ್ಮಿಷನ್ ಬ್ರೋಷರಿಗೆ ಬೇಕಿತ್ತು. 41 ವರ್ಷದ ಟೀಚರಮ್ಮನ ಫೋಟೋ ನೋಡಿ ಯಾರು ಸೀಟು ತೆಗೆದುಕೊಳ್ಳುತ್ತಾರೆ? ನಾನು ಮೊದಲೇ ಹೋಗಿ ಆ ಕಿಚನ್ ನೋಡಿದ್ದರೆ ಮೂರು ವಾರ ಸಿಂಕಿನಲ್ಲಿ ಕಳೆಯುತ್ತಿರಲಿಲ್ಲ ಎಂದು ಗ್ಯಾರಂಟಿ ಹೇಳಲಾರೆ. ಆದರೆ ಮೊದಲ ವಾರವೇ ಹುಡುಗನಿಗೆ ಫೋನ್ ಮಾಡಿ "ಯಾವ ಟೇಬಲ್ ಹತ್ತಿರ ನಿಂತಿದ್ದೀಯಾ?" ಎಂದು ಕೇಳುತ್ತಿದ್ದೆ. ನೋಡದ ಕಿಚನ್ ಬಗ್ಗೆ ಅಂಥ ಪ್ರಶ್ನೆ ಹೊಳೆಯುವುದಿಲ್ಲ. "ಊಟ ಆಯ್ತಾ, ಚಳಿ ಇದೆಯಾ?" ಅಷ್ಟೇ ಕೇಳಿದ್ದೆ.

ಶಿರಸಿಯ ಹುಡುಗಿಯ ಕಥೆ ಸುಖದ್ದು, ಹಾಗಾಗಿ ಚಿಕ್ಕದು. ಫಾರ್ಮಿನ ಅಜ್ಜಿಗೆ ಇಂಗ್ಲಿಷ್ ಬಾರದು, ಇವಳಿಗೆ ಸ್ಲೊವೇನಿಯನ್ ಬಾರದು. ಇಬ್ಬರೂ ಹಾಲು ಒಡೆದು ಗಿಣ್ಣಿನಂಥದ್ದು ಮಾಡುತ್ತ, 'ಪೊತೀತ್ಸಾ' ಎಂಬ ಅಕ್ರೋಟಿನ ಸುರುಳಿ ಬ್ರೆಡ್ ಸುತ್ತುತ್ತ 10 ವಾರ ಕಳೆದರು. ಈ ಪೊತೀತ್ಸಾಕ್ಕೆ 2021ರಲ್ಲಿ ಯುರೋಪಿನ ಸಾಂಪ್ರದಾಯಿಕ ವಿಶೇಷ ತಿನಿಸು ಎಂಬ ಮುದ್ರೆ ಸಿಕ್ಕಿದೆ. ಸಸ್ಯಾಹಾರಿ ಹುಡುಗಿ ಹೇಗೆ ಬದುಕುತ್ತಾಳೋ ಎಂದು ನಾವು ಹೆದರಿದ್ದೆವು. ತಾಜಾ ಗಿಣ್ಣು ತುಂಬಿ ಬಟ್ಟೆಯಲ್ಲಿ ಕಟ್ಟಿ ಬೇಯಿಸುವ 'ಶ್ಟ್ರುಕ್ಲಿ' ಅವಳನ್ನು ಕಾಪಾಡಿತು. ಮೂರು ಕೆ.ಜಿ. ಹೆಚ್ಚಾಗಿ ಬಂದಳು.

ಇಬ್ಬರಿಗೂ ಸರ್ಟಿಫಿಕೇಟ್, ಮೇಲಧಿಕಾರಿಯ ಮೌಲ್ಯಮಾಪನ ಎಲ್ಲ ಹೇಳಿದ ಹೊತ್ತಿಗೆ ಬಂತು. ಅವನ್ನು ತಂದು ಇಲ್ಲಿ ಕೊಟ್ಟಾಗ ಶುರುವಾಯಿತು. ಎರಾಸ್ಮಸ್‌ನ ದೊಡ್ಡ ಮಾತೇ 'ಹೊರಗೆ ಕಲಿತದ್ದನ್ನು ಪೂರ್ತಿ ಮಾನ್ಯ ಮಾಡಬೇಕು' ಎನ್ನುವುದು, ಒಪ್ಪಂದದಲ್ಲಿ ನಾವೂ ಸಹಿ ಹಾಕಿದ್ದೇವೆ. ಆದರೆ ಇಲ್ಲಿ ಅದನ್ನು ನೋಡುವ ಆಫೀಸಿನವರಿಗೆ ಆ ಕ್ರೆಡಿಟ್ಟುಗಳನ್ನು ಯಾವ ಕಾಲಮ್ಮಿನಲ್ಲಿ ಹಾಕುವುದು ಗೊತ್ತಿಲ್ಲ. ಹುಡುಗನಿಗೆ ಟ್ರೇನಿಂಗ್ ಲಾಗ್ ಬುಕ್ ಮತ್ತೆ ಮೊದಲಿನಿಂದ ನಮ್ಮ ಫಾರ್ಮಿನಲ್ಲಿ ಬರೆಯಿರಿ ಎಂದರು. ಬರೆದ. ಹುಡುಗಿಗೆ 'ಫಾರ್ಮ್ ಎಂದರೆ ಸ್ಟಾರ್ ಹೋಟೆಲ್ ಅಲ್ಲವಲ್ಲ' ಎಂಬ ತಕರಾರು ಬಂತು. ಅದು ಇನ್ನೂ ಮುಗಿದಿಲ್ಲ. ನನ್ನದೂ ಒಂದಿದೆ. ಎರಡು ವಾರಕ್ಕೆ ಓ.ಓ.ಡಿ. (ಹೊರಗಿನ ಕೆಲಸದ ಮೇಲೆ ಹೋಗಲು ಅನುಮತಿ) ಕೊಟ್ಟರು, ನಡುವಿನ ಭಾನುವಾರ ನಾನು ಎಲ್ಲಿದ್ದೆ ಎಂದು ವಿವರಣೆ ಕೇಳಿದರು.

ಭಾನುವಾರ ಬ್ಲೆಡ್‌ನಲ್ಲಿದ್ದೆ ಸ್ವಾಮಿ, ಕೇಕ್ ತಿನ್ನುತ್ತಿದ್ದೆ. ಅದನ್ನೂ ವಿಮರ್ಶೆ ಮಾಡಿಬಿಡುತ್ತೇನೆ. ಬ್ಲೆಡ್ ಒಂದು ಪ್ರವಾಸಿ ಊರು, ರಾಜಧಾನಿ ಲ್ಯುಬ್ಲಿಯಾನಾದಿಂದ ಬಸ್ಸಿನಲ್ಲಿ ಹೋಗಬಹುದು. ಕೆರೆ, ನಡುವೆ ದ್ವೀಪ, ದ್ವೀಪದ ಚರ್ಚಿಗೆ 99 ಮೆಟ್ಟಿಲು. ಮದುಮಗ ಮದುಮಗಳನ್ನು ಎತ್ತಿಕೊಂಡು ಹತ್ತಬೇಕಂತೆ. ಅಲ್ಲಿನ ಕ್ರೆಮ್‌ಶ್ನಿತಾ ಎಂಬ ಕೇಕ್ ಪಾರ್ಕ್ ಹೋಟೆಲಿನಲ್ಲಿ 1953ರಲ್ಲಿ ಹುಟ್ಟಿದ್ದು. 7 ಸೆಂಟಿಮೀಟರಿನ ಚೌಕ. ಕೆಳಗೆ ಮೇಲೆ ಪದರ ಪದರದ ಪಫ್, ನಡುವೆ ಕಸ್ಟರ್ಡ್, ಅದರ ಮೇಲೆ ಕ್ರೀಮ್. ತಟ್ಟೆ ಅಲುಗಿಸಿದರೆ ನಡುಗಬೇಕು, ಬೀಳಬಾರದು. ನನ್ನದು ನಡುಗಿತು, ಬೀಳಲಿಲ್ಲ. ಸಿಹಿ ಹದ. ಪಫ್ಫಿನ ತಳ ಮಧ್ಯಾಹ್ನ ಮೂರಕ್ಕೂ ಮೆತ್ತಗಾಗಿರಲಿಲ್ಲ, ಅದು ಬೇಕರಿಯವರಿಗಷ್ಟೇ ಗೊತ್ತಾಗುವ ಕಷ್ಟ. ಇದನ್ನು ಮಾಡಿದ ಇಶ್ತ್ವಾನ್ ಲುಕಾಚೆವಿಚ್ ಆ ಊರಿನವರಲ್ಲ, ಈಗಿನ ಸೆರ್ಬಿಯಾದ ವೊಯ್ವೊದಿನಾದಿಂದ ಬಂದ ಬೇಕರಿಯವರು. ಬ್ಲೆಡ್‌ಗೆ ಟೂರಿಸ್ಟರನ್ನು ಕರೆತಂದ ಬಿಸಿಲು-ನೀರಿನ ಚಿಕಿತ್ಸೆಯ ಆರ್ನಾಲ್ಡ್ ರಿಕ್ಲಿ ಸ್ವಿಟ್ಜರ್ಲೆಂಡಿನವರು. ಊರಿನ ಹೆಮ್ಮೆಯೆಲ್ಲ ಹೊರಗಿನಿಂದ ಬಂದವರು ಕೊಟ್ಟದ್ದು! ಮುಂಬಯಿಯಲ್ಲಿ ಉಡುಪಿ ಹೋಟೆಲ್ ಕಟ್ಟಿದವರ ಊರಿನವಳಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಓ.ಓ.ಡಿ. ವಿವರಣೆಯಲ್ಲಿ ಮಾತ್ರ 'ಸ್ಥಳೀಯ ಬೇಕರಿ ಅಧ್ಯಯನ' ಎಂದು ಬರೆದೆ. ಸುಳ್ಳಲ್ಲ, ಅಲ್ವಾ?

ಇನ್ನು ಆ ಶಾಲೆಯ ಮೇಲಿನ ಉಳಿದ ದೂರುಗಳು. ಇಡೀ ಎಕ್ಸ್‌ಚೇಂಜ್ ಇಬ್ಬರ ತಲೆಯ ಮೇಲೆ ನಿಂತಿದೆ. ಒಬ್ಬರು ಕಾಗದದ ಕೆಲಸ ಮಾಡುವ ಕೋಆರ್ಡಿನೇಟರ್, ಇನ್ನೊಬ್ಬರು ಕಾರಿನಲ್ಲಿ ಸುತ್ತುವ ಆ ಮೇಡಂ. ನಾನು ಇದ್ದ ಎರಡನೆಯ ವಾರ ಕೋಆರ್ಡಿನೇಟರಿಗೆ ಜ್ವರ ಬಂತು. ಮೂರು ದಿನ ನನ್ನ ಟೈಮ್‌ಟೇಬಲ್ ಎಲ್ಲಿದೆ ಎಂದು ಹೇಳುವವರೇ ಇರಲಿಲ್ಲ. ಕಾಲೇಜಿನ ಉಳಿದ ಸ್ಟಾಫಿಗೆ ಮಂಗಳೂರಿನಿಂದ ಯಾರೋ ಬಂದಿದ್ದಾರೆ ಎನ್ನುವುದೇ ಗೊತ್ತಿರಲಿಲ್ಲ. ಫ್ರಂಟ್ ಆಫೀಸ್ ಪಾಠ ಮಾಡುವವರು ನನ್ನನ್ನು ಹೊಸ ಕ್ಯಾಂಟೀನ್ ಅಡುಗೆಯವರು ಎಂದುಕೊಂಡು ಒಂದು ಕಾಫಿ ಕೇಳಿದರು. ಮಾಡಿಕೊಟ್ಟೆ. ಫಿಲ್ಟರ್ ಕಾಫಿ ಪುಡಿ ಇತ್ತು ಬ್ಯಾಗಿನಲ್ಲಿ. ಆಮೇಲೆ ದಿನಾ ಬಂದರು.

ಮತ್ತೆ, ಹೊರಗಿನಿಂದ ಬಂದ ವಿದ್ಯಾರ್ಥಿಗಳು ತಮ್ಮ ತಮ್ಮಲ್ಲೇ ಇರುತ್ತಾರೆ. ಪಾಲಿಸಿಯಲ್ಲಿ 'ಸ್ಥಳೀಯ ವಿದ್ಯಾರ್ಥಿ ಜೊತೆಗಾರ' ಎಂದಿದೆ. ನಮ್ಮ ಹುಡುಗನಿಗೆ ಸಿಕ್ಕ ಜೊತೆಗಾರ ಒಂದು ಸಲ ಬಸ್ ನಿಲ್ದಾಣಕ್ಕೆ ಬಂದು, ಸಿಮ್ ಕಾರ್ಡ್ ಕೊಡಿಸಿ, ಆಮೇಲೆ ತನ್ನ 400 ಗಂಟೆಗೆ ಬೇರೆ ದೇಶಕ್ಕೆ ಹೋಗಿಬಿಟ್ಟ. ಅಲ್ಲಿನ ವಿದ್ಯಾರ್ಥಿಗಳಿಗೆ ಊಟಕ್ಕೆ ಸರ್ಕಾರ ಒಂದು ಪಾಲು ಹಣ ಹಾಕುವ ವ್ಯವಸ್ಥೆ ಇದೆ, 'ಬೋನಿ' ಎನ್ನುತ್ತಾರೆ. ಸೂಪು, ಸಲಾಡು, ಊಟ ಕಡಿಮೆ ದುಡ್ಡಿಗೆ ಬರುತ್ತದೆ. ಎಕ್ಸ್‌ಚೇಂಜಿಗೆ ಬಂದವರಿಗೂ ಸಿಗುತ್ತದೆ. ಅದನ್ನು ನಮ್ಮ ಹುಡುಗನಿಗೆ ಯಾರೂ ಹೇಳಿರಲಿಲ್ಲ. ರಜೆಯ ದಿನಗಳಲ್ಲಿ ರೂಮಿನಲ್ಲಿ ಅನ್ನ-ಮೊಸರು ತಿಂದುಕೊಂಡು ಇದ್ದ.

ಮಂಗಳೂರು, ಉಡುಪಿ, ಮಣಿಪಾಲದ ಹೋಟೆಲ್ ಕಾಲೇಜುಗಳಲ್ಲಿ ನನ್ನ ಹಾಗೆ ಪಾಠ ಮಾಡುವವರು ಕೇಳುತ್ತಿದ್ದಾರೆ, ಹೋಗಬಹುದಾ ಎಂದು. ಹೋಗಿ. ಟಿಕೆಟ್ಟಿಗೆ ಹಣ ಕೈಯಲ್ಲಿ ಇಟ್ಟುಕೊಂಡು ಹೋಗಿ. ಸೋನಾ ಮಸೂರಿ ಎರಡು ಕೆ.ಜಿ. ಒಯ್ಯಿರಿ, ಅಲ್ಲಿನ ಅಕ್ಕಿಯನ್ನು ನಂಬಬೇಡಿ. ಇಂಗು ಪುಡಿಯಾಗಲಿ ಗಟ್ಟಿಯಾಗಲಿ, ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿ, ಗೋಧಿ-ಮೈದಾ ಇಲ್ಲದ್ದನ್ನೇ ಒಯ್ಯಿರಿ. ಮಕ್ಕಳನ್ನು ಕಳಿಸಬಹುದಾ ಎಂದರೆ, ನೀವು ಹೋಗಿ ಬಂದ ಮೇಲೆ.

ಜನವರಿಯಲ್ಲಿ ಅವರ ಕಡೆಯಿಂದ ಪೇಸ್ಟ್ರಿ ಟೀಚರ್ ಒಬ್ಬರು ನಮ್ಮಲ್ಲಿಗೆ ಬರುತ್ತಿದ್ದಾರೆ, ಹತ್ತು ದಿನಕ್ಕೆ. ಬರುವ ಮೊದಲೇ ಅವರು ಒಂದು ಪಟ್ಟಿ ಕಳಿಸಿದ್ದಾರೆ. ಯಾವ ಯಾವ ಹೋಟೆಲಿನ ಕಿಚನ್ ನೋಡಬೇಕು, ಮಕ್ಕಳು ಉಳಿಯುವ ರೂಮು ನೋಡಬೇಕು, ರಾತ್ರಿ ಪಾಳಿ ಮುಗಿದ ಮೇಲೆ ವಾಪಸ್ ಹೋಗಲು ಬಸ್ಸು ಇದೆಯಾ, ಪಾತ್ರೆ ಯಾರು ತೊಳೆಯುತ್ತಾರೆ. ನಾನು ಅದನ್ನು ಪ್ರಿನ್ಸಿಪಾಲರ ಟೇಬಲ್ಲಿನ ಮೇಲೆ ಇಟ್ಟು ಬಂದಿದ್ದೇನೆ. ಬರುವ ಟೀಚರಿಗೆ ಉಳಿದುಕೊಳ್ಳಲು ಗೆಸ್ಟ್ ಹೌಸಿನ ಗೀಸರ್ ರಿಪೇರಿ ಆಗಬೇಕು. ಆಫೀಸಿನವರು ಮೂರು ಕೊಟೇಶನ್ ಕೇಳಿದ್ದಾರೆ, ಎರಡು ಬಂದಿವೆ.